ಕಾಲು ಕಾರು, ಒಂದು ಉಬ್ಬು, ಒಂದೇ ಪೈಥಾನ್: ಸಿಮ್ಯುಲೇಷನ್ ಅಸೈನ್‌ಮೆಂಟ್‌ಗೆ ಕಂಪ್ಯೂಟರ್ ಸಜ್ಜುಗೊಳಿಸುವ ಬಗೆ

ಸೆಮಿಸ್ಟರ್ ಮುಗಿಯಲು ಮೂರು ವಾರ ಉಳಿದಿದೆ ಎನ್ನುವಾಗ ನನ್ನ ಫೋನಿಗೆ ಒಂದೇ ಬಗೆಯ ಕರೆಗಳು ಶುರುವಾಗುತ್ತವೆ. ಕಳೆದ ಸಲ ಒಬ್ಬ ಹುಡುಗ ರಾತ್ರಿ ಹತ್ತೂವರೆಗೆ ಹಾಸ್ಟೆಲಿನಿಂದ ಕರೆ ಮಾಡಿದ್ದ. "ಸೈಪೈ ಹಾಕು ಎಂದರೆ ಈಗಾಗಲೇ ಹಾಕಿದೆ ಎನ್ನುತ್ತದೆ. ಪ್ರೋಗ್ರಾಂ ಓಡಿಸಿದರೆ ಸೈಪೈ ಎಂಬುದೇ ಇಲ್ಲ ಎನ್ನುತ್ತದೆ. ಎರಡರಲ್ಲಿ ಯಾವುದು ಸುಳ್ಳು?"

ಎರಡೂ ನಿಜವೇ. ಸೈಪೈ ಎಂದರೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಗೆ ವೈಜ್ಞಾನಿಕ ಲೆಕ್ಕದ ಸಾಮಾನು ಒದಗಿಸುವ ಪ್ಯಾಕೇಜು. ಅವನ ಲ್ಯಾಪ್‌ಟಾಪಿನಲ್ಲಿ ನಾಲ್ಕು ಪೈಥಾನ್‌ಗಳು ಸಂಸಾರ ಹೂಡಿದ್ದವು. ಮೊದಲ ವರ್ಷದಲ್ಲಿ ಹಾಕಿಕೊಂಡದ್ದು ಒಂದು, ಮೈಕ್ರೋಸಾಫ್ಟ್ ಸ್ಟೋರ್‌ನಿಂದ ಬಂದದ್ದು ಒಂದು, ಸೀನಿಯರ್ ಒಬ್ಬರು ಹಾಕಿಕೊಟ್ಟ, ನೂರಾರು ಪ್ಯಾಕೇಜ್ ತುಂಬಿದ 'ಅನಕೊಂಡ' ಎಂಬ ಪೈಥಾನ್ ಗಂಟು ಒಂದು, ಯಾವುದೋ ವಿನ್ಯಾಸದ ಸಾಫ್ಟ್‌ವೇರ್ ತನ್ನ ಹೊಟ್ಟೆಯಲ್ಲಿ ಹೊತ್ತು ತಂದದ್ದು ಒಂದು. ಸೈಪೈ ಹೋಗಿ ಕುಳಿತದ್ದು ಮೂರನೆಯದರಲ್ಲಿ, ಪ್ರೋಗ್ರಾಂ ಓಡುತ್ತಿದ್ದದ್ದು ಒಂದನೆಯದರಲ್ಲಿ. ಪಕ್ಕದ ಮನೆಯ ಡಬ್ಬಿಗೆ ಉಪ್ಪು ತುಂಬಿಟ್ಟು ನಮ್ಮ ಮನೆಯ ಸಾರು ಸಪ್ಪೆ ಎಂದು ಗೋಳಾಡಿದಂತೆ.

ಅಸೈನ್‌ಮೆಂಟ್ ಕೆಡುವುದು ಸಮೀಕರಣದಲ್ಲಿ ಎಂದು ವಿದ್ಯಾರ್ಥಿಗಳು ಹೆದರುತ್ತಾರೆ. ನಾನು ಕಂಡಂತೆ ಅರ್ಧಕ್ಕರ್ಧ ಅದು ಕೆಡುವುದು ಅದಕ್ಕೂ ಮೊದಲೇ, ಯಾವ ಪೈಥಾನ್ ಓಡುತ್ತಿದೆ ಎಂಬುದು ಗೊತ್ತಿಲ್ಲದೆ. ಇನ್ನರ್ಧ ಕೆಡುವುದು ಎಲ್ಲವೂ ಸರಿಯಾಗಿ ಹಾಕಿಕೊಂಡ ಮೇಲೆ, ಬಂದ ಉತ್ತರವನ್ನು ಕಣ್ಣುಮುಚ್ಚಿ ನಂಬಿದ್ದರಿಂದ. ಆದ್ದರಿಂದ ಇಲ್ಲಿ ಎರಡನ್ನೂ ಒಟ್ಟಿಗೇ ಹೇಳುತ್ತೇನೆ. ಉತ್ತರ ಮೊದಲೇ ಗೊತ್ತಿರುವ ಒಂದು ಲೆಕ್ಕವನ್ನು ಓಡಿಸಿ ಸರಿನೋಡುವವರೆಗೆ ಕಂಪ್ಯೂಟರ್ ಸಜ್ಜಾಗಿಲ್ಲ ಎಂದೇ ನನ್ನ ಲೆಕ್ಕ.

ಒಂದು ಮಾತು: ಆದೇಶಗಳನ್ನು ಫೋನಿನಲ್ಲಿ ಓದಿ ಹೇಳುವಂತೆಯೇ ಕನ್ನಡ ಅಕ್ಷರಗಳಲ್ಲಿ ಬರೆದಿದ್ದೇನೆ. ನೀವು ಒತ್ತಬೇಕಾದದ್ದು ಇಂಗ್ಲಿಷ್ ಕೀಲಿಗಳನ್ನು, ಎಲ್ಲವೂ ಸಣ್ಣಕ್ಷರದಲ್ಲಿ. ಕಾಗುಣಿತ ಎಡವಟ್ಟಾಗುವ ಕಡೆ ಅಕ್ಷರ ಬಿಡಿಸಿ ಹೇಳಿದ್ದೇನೆ. ಆದೇಶದೊಳಗೆ ಕಾಣುವ ಚಿಕ್ಕ ಅಡ್ಡಗೆರೆ ಹೈಫನ್. ಅದಕ್ಕೆ ಮೊದಲು ಖಾಲಿ ಜಾಗ ಕಂಡ ಕಡೆ ಅದನ್ನು ಬಿಡುವುದನ್ನು ಮರೆಯಬೇಡಿ.

ಕೈಯಲ್ಲಿರುವ ಕೆಲಸ

ಉದಾಹರಣೆಗೆ ಮೆಕ್ಯಾನಿಕಲ್ ವಿಭಾಗದಲ್ಲಿ ಮತ್ತೆ ಮತ್ತೆ ಕೊಡುವ ಅಸೈನ್‌ಮೆಂಟನ್ನೇ ತೆಗೆದುಕೊಳ್ಳೋಣ: ಕಾರೊಂದು ರಸ್ತೆ ಉಬ್ಬನ್ನು ದಾಟುವಾಗ ಒಳಗೆ ಕುಳಿತವರಿಗೆ ಎಷ್ಟು ಕುಲುಕು ಬೀಳುತ್ತದೆ? ಇಡೀ ಕಾರಿನ ಬದಲು ಅದರ ನಾಲ್ಕನೆಯ ಒಂದು ಭಾಗ, ಅಂದರೆ ಒಂದು ಚಕ್ರ ಮತ್ತು ಅದು ಹೊರುವ ದೇಹದ ಪಾಲನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ಕನ್ನಡದಲ್ಲಿ 'ಕಾಲು ಕಾರು' ಎಂದರೆ ಕಾಲಿರುವ ಕಾರೇ ಎಂದು ಕೇಳಿದವರೂ ಇದ್ದಾರೆ. ಚಕ್ರವೇ ಅದರ ಕಾಲು ಎಂದುಕೊಂಡರೂ ತಪ್ಪೇನಿಲ್ಲ.

ಸಂಖ್ಯೆಗಳು ಹೀಗಿರಲಿ. ಮೇಲಿನ ದೇಹದ ದ್ರವ್ಯರಾಶಿ 250 ಕಿಲೋಗ್ರಾಂ, ಚಕ್ರದ ಭಾಗ 40 ಕಿಲೋಗ್ರಾಂ. ಸಸ್ಪೆನ್ಷನ್ ಸ್ಪ್ರಿಂಗ್ ಮೀಟರಿಗೆ 16,000 ನ್ಯೂಟನ್, ತೂಗಾಟ ತಗ್ಗಿಸುವ ಡ್ಯಾಂಪರ್ 1,000 ನ್ಯೂಟನ್-ಸೆಕೆಂಡ್ ಪ್ರತಿ ಮೀಟರ್, ಟೈರಿನ ಬಿಗಿತ ಮೀಟರಿಗೆ 1,60,000 ನ್ಯೂಟನ್. ಉಬ್ಬಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಮಾರ್ಗಸೂಚಿಯ ಅಳತೆಯನ್ನೇ ಇಟ್ಟುಕೊಳ್ಳಿ: 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, ದಾಟುವ ವೇಗ ಗಂಟೆಗೆ 25 ಕಿಲೋಮೀಟರ್. ನಿಮ್ಮ ಬಡಾವಣೆಯ ಉಬ್ಬು ಈ ಅಳತೆಗೆ ಹೊಂದುವುದಿಲ್ಲ ಎಂದು ನನಗೂ ಗೊತ್ತು. ಅದನ್ನು ಆಮೇಲೆ ಟೇಪು ಹಿಡಿದು ಅಳೆದು ಎರಡನೆಯ ಗ್ರಾಫ್ ಮಾಡಿ. ಅಂಕ ಕೊಡುವವರಿಗೆ ಇಷ್ಟವಾಗುತ್ತದೆ.

ಮೊದಲು ಜಾಗ, ಆಮೇಲೆ ಪೈಥಾನ್

ಅಸೈನ್‌ಮೆಂಟಿಗೆಂದೇ ಒಂದು ಹೊಸ ಫೋಲ್ಡರ್ ಮಾಡಿ. ಹೆಸರು ಚಿಕ್ಕದಿರಲಿ, ಇಂಗ್ಲಿಷ್ ಅಕ್ಷರಗಳಲ್ಲಿರಲಿ, ನಡುವೆ ಖಾಲಿ ಜಾಗ ಬೇಡ. ಡಿ ಡ್ರೈವ್‌ನಲ್ಲಿ 'ಉಬ್ಬು' ಎನ್ನುವುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೂ ಆಯಿತು. ಡೆಸ್ಕ್‌ಟಾಪ್ ಬೇಡ: ಈಗಿನ ವಿಂಡೋಸ್ ಲ್ಯಾಪ್‌ಟಾಪುಗಳಲ್ಲಿ ಡೆಸ್ಕ್‌ಟಾಪ್ ಹಲವು ಸಲ ಒನ್‌ಡ್ರೈವ್ ಒಳಗೇ ಇರುತ್ತದೆ. ಮುಂದೆ ಮಾಡಲಿರುವ ಪರಿಸರದಲ್ಲಿ ಸಾವಿರಾರು ಪುಟ್ಟ ಕಡತಗಳು ಹುಟ್ಟುತ್ತವೆ. ಅಷ್ಟನ್ನೂ ಅದು ಮೋಡಕ್ಕೆ ಏರಿಸಲು ಹೊರಟರೆ ಹಾಸ್ಟೆಲಿನ ವೈಫೈ ಅಲ್ಲೇ ಕುಸಿದು ಕೂರುತ್ತದೆ.

ಇನ್ನು, ಯಾವ ಯಾವ ಪೈಥಾನ್ ಈಗಾಗಲೇ ಇವೆ ಎಂದು ನೋಡಿ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಹೀಗೆ ಒತ್ತಿ:

ಪೈ -0ಪಿ

ಪೈ ಎಂದರೆ ಪಿ, ವೈ ಎರಡೇ ಅಕ್ಷರ. ಹೈಫನ್ನಿನ ಮುಂದಿರುವುದು ಸೊನ್ನೆ, ಅದಕ್ಕೆ ಅಂಟಿಕೊಂಡು ಪಿ. ಪೈಥಾನ್‌ಗಳ ಪಟ್ಟಿ, ಒಂದೊಂದರ ವಿಳಾಸದ ಸಮೇತ ಬರುತ್ತದೆ. ಮ್ಯಾಕ್ ಮತ್ತು ಲಿನಕ್ಸ್‌ನಲ್ಲಿ 'ಪೈಥಾನ್3', ಖಾಲಿ ಜಾಗ, ಎರಡು ಹೈಫನ್, 'ವರ್ಷನ್' ಎಂದು ಒತ್ತಿದರೆ ಆವೃತ್ತಿ ಗೊತ್ತಾಗುತ್ತದೆ. 'ಪೈಥಾನ್' ಎಂದು ಒತ್ತಿದ ಕೂಡಲೇ ಮೈಕ್ರೋಸಾಫ್ಟ್ ಸ್ಟೋರ್ ತೆರೆದುಕೊಂಡರೆ ಗಾಬರಿ ಬೇಡ. ವಿಂಡೋಸ್ ಆ ಹೆಸರಿನಲ್ಲಿ ಒಂದು ಬೆದರುಬೊಂಬೆ ನಿಲ್ಲಿಸಿರುತ್ತದೆ. ಸೆಟ್ಟಿಂಗ್ಸ್‌ನ ಹುಡುಕು ಪೆಟ್ಟಿಗೆಯಲ್ಲಿ 'ಏಲಿಯಾಸ್' ಎಂದು ಹುಡುಕಿ, ಸಿಕ್ಕ ಪಟ್ಟಿಯಲ್ಲಿ ಪೈಥಾನ್ ಹೆಸರಿನ ಎರಡು ಗುಂಡಿಗಳನ್ನು ಆರಿಸಿಬಿಡಿ.

ಹೊಸದಾಗಿ ಹಾಕುವುದಾದರೆ ಪೈಥಾನ್‌ನ ಅಧಿಕೃತ ತಾಣದಿಂದ, 64 ಬಿಟ್‌ನದ್ದನ್ನೇ ಇಳಿಸಿಕೊಳ್ಳಿ. ವಿಂಡೋಸ್‌ಗೆ 32 ಬಿಟ್‌ನ ಸಿದ್ಧ ಪ್ಯಾಕೇಜನ್ನು ಸೈಪೈ ಈಗ ಕೊಡುವುದಿಲ್ಲ. ಹಾಗೆ ಸಿಗದಿದ್ದಾಗ, ಪ್ಯಾಕೇಜ್ ತಂದು ಹಾಕುವ 'ಪಿಪ್' ಎಂಬ ಉಪಕರಣ ನಿಮ್ಮ ಕಂಪ್ಯೂಟರಿನಲ್ಲೇ ಅದನ್ನು ಕಟ್ಟಲು ಹೊರಟು, ಫೋರ್ಟ್ರಾನ್ ಕಂಪೈಲರ್ ಎಲ್ಲಿ ಎಂದು ಕೆಂಪಕ್ಷರಗಳಲ್ಲಿ ಪುಟಗಟ್ಟಲೆ ಕೂಗಾಡುತ್ತದೆ. ಇನ್‌ಸ್ಟಾಲ್ ಮಾಡುವಾಗ ಮೊದಲ ಪರದೆಯ ಅಡಿಯಲ್ಲಿ 'ಪಾತ್‌ಗೆ ಸೇರಿಸು' ಎಂಬರ್ಥದ ಒಂದು ಚೌಕವಿರುತ್ತದೆ. ಅದಕ್ಕೆ ಗುರುತು ಹಾಕಿ. ಗುರುತು ಹಾಕದೆ ಮುಂದುವರಿದವರ ಸಂಖ್ಯೆ ನನ್ನ ಕರೆಗಳ ಪಟ್ಟಿಯಲ್ಲಿ ಎರಡನೆಯ ಸ್ಥಾನದಲ್ಲಿದೆ.

ಯಾವ ಆವೃತ್ತಿ? ಎಲ್ಲಕ್ಕಿಂತ ಹೊಸದು ಬೇಡ. 2020ರಿಂದ ಈಚೆಗೆ ಪೈಥಾನ್‌ನ ಹೊಸ ಆವೃತ್ತಿ ಪ್ರತಿ ಅಕ್ಟೋಬರಿನಲ್ಲಿ ಬರುತ್ತಿದೆ: 2023ರಲ್ಲಿ 3.12, 2024ರಲ್ಲಿ 3.13, 2025ರಲ್ಲಿ 3.14. ಅದು ಬಂದ ದಿನವೇ ಎಲ್ಲ ಪ್ಯಾಕೇಜ್‌ಗಳೂ ಅದಕ್ಕೆ ಸಿದ್ಧವಾಗಿರುವುದಿಲ್ಲ. ನಮ್ಮ ಬೆಸ ಸೆಮಿಸ್ಟರಿನ ಅಸೈನ್‌ಮೆಂಟುಗಳು ಬೀಳುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಒಂದೆರಡು ಮೆಟ್ಟಿಲು ಹಿಂದಿನದನ್ನು ಹಿಡಿಯಿರಿ. ಇಲ್ಲಿ 3.12 ಎಂದಿಟ್ಟುಕೊಂಡಿದ್ದೇನೆ. ನಿಮ್ಮ ಬಳಿ 3.13 ಇದ್ದರೆ ಅಂಕಿ ಬದಲಿಸಿಕೊಳ್ಳಿ, ಅಷ್ಟೇ. ಪ್ರಯೋಗಾಲಯದಲ್ಲಿ ವಿಂಡೋಸ್ 7ರ ಹಳೆಯ ಯಂತ್ರವೇ ಗತಿಯಾದರೆ ಅಲ್ಲಿ ಓಡುವ ಕೊನೆಯ ಪೈಥಾನ್ 3.8, ಅಲ್ಲಿ ಗುದ್ದಾಡುವ ಬದಲು ಗೆಳೆಯರ ಲ್ಯಾಪ್‌ಟಾಪ್ ಕೇಳಿಕೊಳ್ಳುವುದು ಲೇಸು.

ಅಸೈನ್‌ಮೆಂಟಿಗೊಂದು ಬೇಲಿ

ಈಗ ಮುಖ್ಯ ಹೆಜ್ಜೆ. ಈ ಫೋಲ್ಡರಿಗೆ ಮಾತ್ರ ಸೇರಿದ, ಹೊರಗಿನ ನಾಲ್ಕು ಪೈಥಾನ್‌ಗಳ ಗೊಡವೆಯಿಲ್ಲದ ಒಂದು ಪರಿಸರ ಮಾಡಬೇಕು. ಅದಕ್ಕೆ ಬೇಕಾದ 'ವೆನ್ವ್' ಎಂಬ ಉಪಕರಣ 2012ರ 3.3ನೇ ಆವೃತ್ತಿಯಿಂದಲೇ ಪೈಥಾನ್ ಒಳಗಿದೆ. ಫೋಲ್ಡರಿನೊಳಗೆ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಸುಲಭದ ದಾರಿ: ಫೋಲ್ಡರಿನ ಮೇಲಿರುವ ವಿಳಾಸದ ಪಟ್ಟಿಯಲ್ಲಿ ಸಿ, ಎಂ, ಡಿ ಎಂದು ಒತ್ತಿ ಎಂಟರ್ ಹೊಡೆದರೆ ಅಲ್ಲೇ ತೆರೆದುಕೊಳ್ಳುತ್ತದೆ. ಆಮೇಲೆ:

ಪೈ -3.12 -ಎಂ ವೆನ್ವ್ .ವೆನ್ವ್

ವೆನ್ವ್ ಎಂದರೆ ವಿ, ಇ, ಎನ್, ವಿ. ಎರಡನೆಯ ಸಲ ಅದರ ಹಿಂದೆ ಒಂದು ಚುಕ್ಕಿ ಇದೆ. ಅದು ಹುಟ್ಟಲಿರುವ ಫೋಲ್ಡರಿನ ಹೆಸರು. ಮ್ಯಾಕ್, ಲಿನಕ್ಸ್‌ನಲ್ಲಿ 'ಪೈ -3.12' ಇರುವಲ್ಲಿ 'ಪೈಥಾನ್3' ಎಂದು ಒತ್ತಿ. ಉಬುಂಟುವಿನಲ್ಲಿ ವೆನ್ವ್ ಸಿಗುತ್ತಿಲ್ಲ ಎಂಬ ದೂರು ಬಂದರೆ ಮೊದಲು ಇದು:

ಸುಡೊ ಆಪ್ಟ್ ಇನ್‌ಸ್ಟಾಲ್ ಪೈಥಾನ್3-ವೆನ್ವ್

ಉಬುಂಟು 24.04ರಲ್ಲಿ ಪರಿಸರದ ಹೊರಗೆ ಪಿಪ್ ಬಳಸಲು ಹೋದರೆ, ಇದು ವ್ಯವಸ್ಥೆಯ ಸೊತ್ತು, ಮುಟ್ಟಬೇಡ ಎಂದು ತಡೆಯುತ್ತದೆ. ಆ ತಡೆಯನ್ನು ಮುರಿಯುವ ಒಂದು ಆಯ್ಕೆಯನ್ನೂ ಅಲ್ಲೇ ತೋರಿಸುತ್ತದೆ. ಆ ಆಯ್ಕೆಯ ಹೆಸರಿನಲ್ಲೇ 'ಬ್ರೇಕ್' ಇದೆ. ಬೇಡ.

ಬೇಲಿ ಕಟ್ಟಿದ್ದಾಯಿತು, ಒಳಗೆ ಹೋಗಬೇಕು. ವಿಂಡೋಸ್‌ನಲ್ಲಿ:

.ವೆನ್ವ್\ಸ್ಕ್ರಿಪ್ಟ್ಸ್\ಆ್ಯಕ್ಟಿವೇಟ್

ಮ್ಯಾಕ್, ಲಿನಕ್ಸ್‌ನಲ್ಲಿ:

ಸೋರ್ಸ್ .ವೆನ್ವ್/ಬಿನ್/ಆ್ಯಕ್ಟಿವೇಟ್

ಸಾಲಿನ ಮೊದಲಿಗೆ ಆವರಣದಲ್ಲಿ ವೆನ್ವ್ ಎಂಬ ಹೆಸರು ಬಂದು ಕುಳಿತರೆ ನೀವು ಒಳಗಿದ್ದೀರಿ. ಪವರ್‌ಶೆಲ್‌ನಲ್ಲಿ ಇದೇ ಆದೇಶ ಕೊಟ್ಟರೆ 'ಸ್ಕ್ರಿಪ್ಟ್ ಓಡಿಸಲು ಅನುಮತಿಯಿಲ್ಲ' ಎಂದು ಕೆಂಪಗಾಗುವುದುಂಟು. ಅದರ ನಿಯಮ ಸಡಿಲಿಸುವ ವಿಧಾನವಿದೆ, ಆದರೆ ಒಂದು ಅಸೈನ್‌ಮೆಂಟಿಗಾಗಿ ಕಂಪ್ಯೂಟರಿನ ಕಾವಲನ್ನು ಸಡಿಲಿಸುವುದು ನನಗೆ ಒಗ್ಗದು. ಹಳೆಯ ಕಮಾಂಡ್ ಪ್ರಾಂಪ್ಟ್‌ನಲ್ಲಿ ಈ ತಕರಾರೇ ಇಲ್ಲ.

ಟರ್ಮಿನಲ್ ಮುಚ್ಚಿ ಮರುದಿನ ತೆರೆದಾಗ ಮತ್ತೆ ಒಳಗೆ ಹೋಗಬೇಕು. ಇದನ್ನು ಮರೆತವರೇ "ನಿನ್ನೆ ಓಡಿತ್ತು, ಇವತ್ತು ಓಡುತ್ತಿಲ್ಲ" ಎಂದು ಬರುತ್ತಾರೆ. ಇನ್ನೊಂದು: ಈ ಪರಿಸರದ ಕಡತಗಳೊಳಗೆ ಫೋಲ್ಡರಿನ ಪೂರ್ತಿ ವಿಳಾಸ ಬರೆದಿರುತ್ತದೆ. ಫೋಲ್ಡರಿನ ಹೆಸರು ಬದಲಿಸಿದರೆ, ಬೇರೆ ಡ್ರೈವ್‌ಗೆ ಒಯ್ದರೆ ಅದು ಕೆಡುತ್ತದೆ. ಕೆಟ್ಟರೆ ರಿಪೇರಿಗೆ ಕೂರಬೇಡಿ, ಅಳಿಸಿ ಮತ್ತೊಂದು ಮಾಡಿ. ಎರಡು ನಿಮಿಷದ ಕೆಲಸ.

ಸಾಮಾನು ತುಂಬುವುದು

ಪೈಥಾನ್ -ಎಂ ಪಿಪ್ ಇನ್‌ಸ್ಟಾಲ್ ನಂಪೈ ಸೈಪೈ ಮ್ಯಾಟ್‌ಪ್ಲಾಟ್‌ಲಿಬ್

ನಂಪೈ ಎಂದರೆ ಎನ್, ಯು, ಎಂ, ಪಿ, ವೈ. ಸೈಪೈ ಎಂದರೆ ಎಸ್, ಸಿ, ಐ, ಪಿ, ವೈ. ನಂಪೈ ಸಂಖ್ಯೆಗಳ ಪಟ್ಟಿಗಳನ್ನು ಸಂಭಾಳಿಸುತ್ತದೆ, ಮ್ಯಾಟ್‌ಪ್ಲಾಟ್‌ಲಿಬ್ ಗ್ರಾಫ್ ಬಿಡಿಸುತ್ತದೆ. ಬರೀ 'ಪಿಪ್ ಇನ್‌ಸ್ಟಾಲ್' ಎಂದರೆ ಸಾಲದೇ? ಸಾಲುತ್ತದೆ, ಬಹಳ ಸಲ. ಆದರೆ ಆಗ ದಾರಿಯಲ್ಲಿ ಮೊದಲು ಸಿಕ್ಕ ಪಿಪ್ ಓಡುತ್ತದೆ, ಅದು ಯಾವ ಪೈಥಾನಿನದ್ದೋ ಗೊತ್ತಿಲ್ಲ. 'ಪೈಥಾನ್ -ಎಂ ಪಿಪ್' ಎಂದರೆ 'ಈ ಪೈಥಾನ್ ಇದೆಯಲ್ಲ, ಇದರ ಪಿಪ್' ಎಂದಂತೆ. ಹಾಸ್ಟೆಲಿನ ಹುಡುಗನ ಇಡೀ ರಾತ್ರಿಯ ನಿದ್ದೆಗೆಡಿಸಿದ್ದು ಈ ಎರಡು ಪದಗಳ ಕೊರತೆ.

ಇಳಿಸಿಕೊಳ್ಳುವ ಗಾತ್ರ, ಜತೆಗೆ ಬರುವ ಪರಿವಾರವೂ ಸೇರಿ, ಸುಮಾರು ನೂರು ಎಂಬಿಯ ಒಳಗೆ. ಕಾಲೇಜಿನ ಜಾಲದಲ್ಲಿ ಸಂಪರ್ಕ ಸಿಗದೆ ಮತ್ತೆ ಮತ್ತೆ ಪ್ರಯತ್ನಿಸುತ್ತಿದ್ದರೆ ನಡುವೆ ಪ್ರಾಕ್ಸಿ ಇದೆ ಎಂದೇ ತಿಳಿಯಿರಿ. ಮೊಬೈಲ್ ಹಾಟ್‌ಸ್ಪಾಟ್ ಹಚ್ಚಿ ಮುಗಿಸಿಬಿಡಿ. ಹತ್ತು ಮಂದಿಗೆ ಬೇಕಾದರೆ ಒಬ್ಬರು 'ಇನ್‌ಸ್ಟಾಲ್' ಬದಲು 'ಡೌನ್‌ಲೋಡ್' ಎಂದು ಒತ್ತಿ ಕಡತಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಬಹುದು. ಉಳಿದವರು 'ಇನ್‌ಸ್ಟಾಲ್' ಆದ ಮೇಲೆ '--ನೋ-ಇಂಡೆಕ್ಸ್ --ಫೈಂಡ್-ಲಿಂಕ್ಸ್' ಎಂದು ಸೇರಿಸಿ, ಆ ಫೋಲ್ಡರಿನ ವಿಳಾಸ ಕೊಟ್ಟು, ಕೊನೆಗೆ ಪ್ಯಾಕೇಜ್‌ಗಳ ಹೆಸರು ಬರೆದರೆ ಇಂಟರ್ನೆಟ್ ಬೇಡ. ಎಲ್ಲರ ಪೈಥಾನ್ ಆವೃತ್ತಿಯೂ ಒಂದೇ ಇರಬೇಕು, ವಿಂಡೋಸ್‌ನವರು ಇಳಿಸಿದ್ದು ವಿಂಡೋಸ್‌ನವರಿಗೇ.

ಅನಕೊಂಡ ಬೇಡವೇ ಎಂದು ಕೇಳುವವರಿದ್ದಾರೆ. ಅದರಲ್ಲೇ ಆರಾಮವಾಗಿರುವವರು ಅಲ್ಲೇ ಇರಲಿ. ಮೂರು ಪ್ಯಾಕೇಜಿಗಾಗಿ ಹೊಸದಾಗಿ ಅದನ್ನು ತರುವುದು ಎರಡು ಲೋಟ ಕಾಫಿಗೆ ಮದುವೆಮನೆಯ ಹಂಡೆ ಒಲೆಗೇರಿಸಿದಂತೆ.

ಪ್ರೋಗ್ರಾಂ ಬರೆಯುವ ಎಡಿಟರ್ ಯಾವುದಾದರೂ ಸರಿ. ವಿಎಸ್ ಕೋಡ್ ಆದರೆ ಫೋಲ್ಡರನ್ನೇ ತೆರೆಯಿರಿ, ಬಿಡಿ ಕಡತವನ್ನಲ್ಲ. ಕೆಳಗಿನ ಬಲಮೂಲೆಯಲ್ಲಿ ಕಾಣುವ ಪೈಥಾನ್ ಆವೃತ್ತಿಯ ಮೇಲೆ ಒತ್ತಿ, ಪಟ್ಟಿಯಿಂದ ವೆನ್ವ್ ಎಂದಿರುವುದನ್ನು ಆರಿಸಿ. ಆಮೇಲೆ ಪ್ರೋಗ್ರಾಮಿನ ಮೊದಲ ಎರಡು ಸಾಲು ಯಾವಾಗಲೂ ಇದೇ ಇರಲಿ: 'ಸಿಸ್' ಅನ್ನು ಇಂಪೋರ್ಟ್ ಮಾಡುವುದು, 'ಸಿಸ್.ಎಕ್ಸಿಕ್ಯೂಟಬಲ್' ಅನ್ನು ಪ್ರಿಂಟ್ ಮಾಡುವುದು. ಓಡುತ್ತಿರುವ ಪೈಥಾನ್ ತನ್ನ ಮನೆಯ ವಿಳಾಸವನ್ನು ತಾನೇ ಹೇಳುತ್ತದೆ. ಅದರಲ್ಲಿ ನಿಮ್ಮ ಫೋಲ್ಡರಿನ ಹೆಸರು ಕಾಣದಿದ್ದರೆ ಮುಂದಿನದು ಯಾವುದೂ ಲೆಕ್ಕಕ್ಕಿಲ್ಲ.

ಕಡತಕ್ಕೆ ಹೆಸರಿಡುವಾಗಲೂ ಎಚ್ಚರ. ಸೈಪೈ ಅಸೈನ್‌ಮೆಂಟ್ ಅಲ್ಲವೇ ಎಂದು ಕಡತಕ್ಕೂ ಸೈಪೈ ಎಂದೇ ಹೆಸರಿಟ್ಟರೆ, ಪೈಥಾನ್ ನಿಜವಾದ ಸೈಪೈ ಹುಡುಕುವ ಮೊದಲು ನಿಮ್ಮದನ್ನೇ ತೆರೆದು, ಇದರಲ್ಲಿ ಏನೂ ಇಲ್ಲವಲ್ಲ ಎನ್ನುತ್ತದೆ. 3.13ರಿಂದ ಈಚೆಗೆ ಹೆಸರು ಬದಲಿಸಿ ನೋಡಿ ಎಂಬ ಸುಳಿವನ್ನು ಅದೇ ಕೊಡುತ್ತದೆ.

ಉತ್ತರ ಗೊತ್ತಿರುವ ಲೆಕ್ಕ

ಉಬ್ಬಿಗೆ ಕೈಹಾಕುವ ಮೊದಲು ಚಕ್ರ, ಟೈರು, ರಸ್ತೆ ಎಲ್ಲವನ್ನೂ ಬದಿಗಿಡಿ. ಒಂದು ದ್ರವ್ಯರಾಶಿ, ಒಂದು ಸ್ಪ್ರಿಂಗ್, ಒಂದು ಡ್ಯಾಂಪರ್ ಸಾಕು. 5 ಸೆಂಟಿಮೀಟರ್ ಎಳೆದು ಬಿಟ್ಟುಬಿಡಿ. ಇದರ ಉತ್ತರ ಕಾಗದದ ಮೇಲೆ ಬರುತ್ತದೆ. 16,000ವನ್ನು 250ರಿಂದ ಭಾಗಿಸಿ ವರ್ಗಮೂಲ ತೆಗೆದರೆ 8. ಸಹಜ ಆವರ್ತನ ಸೆಕೆಂಡಿಗೆ 8 ರೇಡಿಯನ್, ಅಂದರೆ 1.27 ಹರ್ಟ್ಸ್. ತೂಗಾಟ ಎಷ್ಟು ಬೇಗ ಆರುತ್ತದೆ ಎಂದು ಹೇಳುವ ಡ್ಯಾಂಪಿಂಗ್ ಅನುಪಾತ 0.25. ಹಾಗಾದರೆ ಒಂದು ಸುತ್ತು ತೂಗಿ ಬರಲು 0.81 ಸೆಕೆಂಡ್ ಬೇಕು. ಆ ಹೊತ್ತಿಗೆ 5 ಸೆಂಟಿಮೀಟರ್ ಇದ್ದದ್ದು ಸುಮಾರು 1 ಸೆಂಟಿಮೀಟರಿಗೆ ಇಳಿದಿರಬೇಕು. ನಡುವೆ 0.41 ಸೆಕೆಂಡಿನ ಆಸುಪಾಸು ಎದುರು ದಿಕ್ಕಿಗೆ 2.2 ಸೆಂಟಿಮೀಟರ್ ಹೋಗಿರಬೇಕು. ಈ ಮೂರು ಸಂಖ್ಯೆಗಳನ್ನು ಹಾಳೆಯ ಮೇಲೆ ಬರೆದಿಟ್ಟು ಆಮೇಲೆ ಓಡಿಸಿ.

ಬರೆಯಬೇಕಾದ ಸೂತ್ರ ಒಂದೇ ಸಾಲು. ಇದನ್ನು ಹೀಗೆಯೇ ಬರೆದರೂ ಓಡುತ್ತದೆ:

ವೇಗೋತ್ಕರ್ಷ = -(ಬಿಗಿತ*ಸ್ಥಾನ + ತಡೆ*ವೇಗ)/ರಾಶಿ

ತಮಾಷೆಯಲ್ಲ. ಪೈಥಾನ್ 3ರಲ್ಲಿ ಚರಾಕ್ಷರಗಳ ಹೆಸರನ್ನು ಕನ್ನಡದಲ್ಲಿ ಇಡಬಹುದು. ಕೀಲಿಪದಗಳು ಮಾತ್ರ ಇಂಗ್ಲಿಷಿನವೇ. 'ರಾಶಿ = 250' ಎಂದು ಬರೆದು ಓಡಿಸಿ ನೋಡಿ. ಸಂಖ್ಯೆ ಮಾತ್ರ 250 ಎಂದೇ ಇರಬೇಕು, ಕನ್ನಡ ಅಂಕಿಯಲ್ಲಿ ನೇರವಾಗಿ ಬರೆದರೆ ಒಪ್ಪುವುದಿಲ್ಲ. ಒಂದು ತೊಡಕು ಇದೆ: 'ಲ್ಯಾಪ್‌ಟಾಪ್' ಎಂಬಂಥ ಪದಗಳಲ್ಲಿ ಒತ್ತಕ್ಷರ ಆಗದಂತೆ ತಡೆಯುವ ಕಾಣದ ಅಕ್ಷರವೊಂದು ಅಡಗಿರುತ್ತದೆ. ಅದನ್ನು ಕಂಡರೆ ಪೈಥಾನ್ ನಿಂತುಬಿಡುತ್ತದೆ, ನಮಗೆ ಮಾತ್ರ ತಪ್ಪು ಎಲ್ಲಿದೆ ಎಂದು ಕಣ್ಣಿಗೆ ಬೀಳುವುದಿಲ್ಲ. ಅಸೈನ್‌ಮೆಂಟ್ ಸಲ್ಲಿಸುವಾಗ ಇಂಗ್ಲಿಷ್ ಹೆಸರುಗಳೇ ಕ್ಷೇಮ; ಮೊದಲ ಸಲ ಅರ್ಥ ಮಾಡಿಕೊಳ್ಳಲು ಬರೆಯುವಾಗ ನಾನು ಹುಡುಗರಿಗೆ ಕನ್ನಡದಲ್ಲೇ ಬರೆಯಿಸುತ್ತೇನೆ. ಯಾವುದು ವೇಗ, ಯಾವುದು ವೇಗೋತ್ಕರ್ಷ ಎಂಬ ಗೊಂದಲ ಅರ್ಧ ಕಡಿಮೆಯಾಗುತ್ತದೆ.

ಸೈಪೈಯಲ್ಲಿ ಇಂಥ ಸಮೀಕರಣ ಬಿಡಿಸಲು ಬಳಸಬೇಕಾದದ್ದು 'ಸಾಲ್ವ್_ಐವಿಪಿ'. ಹಳೆಯ ಪ್ರಯೋಗಾಲಯ ಕೈಪಿಡಿಗಳಲ್ಲಿ 'ಓಡಿಇಇಂಟ್' ಇರುತ್ತದೆ. ಅದು ಈಗಲೂ ಓಡುತ್ತದೆ, ಆದರೆ ಎರಡಕ್ಕೂ ಒಂದು ಉಲ್ಟಾಪಲ್ಟಾ ಇದೆ: ಹಳೆಯದಕ್ಕೆ ಮೊದಲು ಸ್ಥಿತಿ, ಆಮೇಲೆ ಕಾಲ, ಹೊಸದಕ್ಕೆ ಮೊದಲು ಕಾಲ, ಆಮೇಲೆ ಸ್ಥಿತಿ. ಒಂದರ ಫಂಕ್ಷನನ್ನು ಇನ್ನೊಂದಕ್ಕೆ ಹಾಗೆಯೇ ಅಂಟಿಸಿದರೆ ಕೆಡುತ್ತದೆ. ಕೈಪಿಡಿಯ ಇನ್ನೆರಡು ಹಳೆಯ ಹೆಸರುಗಳೂ ನಿಮ್ಮನ್ನು ಕಾಡಬಹುದು. 'ಸಿಂಪ್ಸ್' ಸೈಪೈ 1.14ರಲ್ಲಿ ತೆಗೆದುಹಾಕಲಾಗಿದೆ, ಈಗ 'ಸಿಂಪ್ಸನ್' ಎನ್ನಬೇಕು. 'ಎನ್‌ಪಿ.ಫ್ಲೋಟ್' ನಂಪೈ 1.24ರಲ್ಲೇ ಹೋಯಿತು, ಬರೀ 'ಫ್ಲೋಟ್' ಎಂದರೆ ಸಾಕು. ಕೈಪಿಡಿ ಬರೆದವರ ತಪ್ಪಲ್ಲ, ಅವರು ಬರೆಯುವಾಗ ಅದೇ ಸರಿಯಿತ್ತು.

ಮೂರು ಸಂಖ್ಯೆಗಳು ಹೊಂದಿದವೇ? ಈಗ ಡ್ಯಾಂಪರನ್ನು ಸೊನ್ನೆ ಮಾಡಿ 10 ಸೆಕೆಂಡ್ ಓಡಿಸಿ. ಪ್ರತಿ ಕ್ಷಣದ ಚಲನಶಕ್ತಿಯನ್ನೂ ಸ್ಪ್ರಿಂಗ್‌ನಲ್ಲಿ ಅಡಗಿದ ಶಕ್ತಿಯನ್ನೂ ಕೂಡಿಸಿ. ಶುರುವಿನಲ್ಲಿ ಅದು 20 ಜೂಲ್. ತಡೆಯೇ ಇಲ್ಲದ ಮೇಲೆ ಕೊನೆಯಲ್ಲೂ 20 ಇರಲೇಬೇಕು. ಇರುವುದಿಲ್ಲ. ಸಾಲ್ವ್_ಐವಿಪಿ ತಾನಾಗಿ ಇಟ್ಟುಕೊಳ್ಳುವ ಸಾಪೇಕ್ಷ ಸಹಿಷ್ಣುತೆ, ಅಂದರೆ ಒಪ್ಪಿಕೊಳ್ಳುವ ತಪ್ಪಿನ ಮಿತಿ, ಸಾವಿರದಲ್ಲೊಂದು ಪಾಲು; ಹೆಜ್ಜೆ ಹೆಜ್ಜೆಗೂ ಅಷ್ಟಷ್ಟೇ ತಪ್ಪಿ, ಹತ್ತಾರು ತೂಗಾಟ ಮುಗಿಯುವಾಗ ಶಕ್ತಿ ಕಣ್ಣಿಗೆ ಕಾಣುವಷ್ಟು ಸರಿದಿರುತ್ತದೆ. ಈ ಮಿತಿಯ ಹೆಸರಾದ 'ಆರ್‌ಟಾಲ್' ಅನ್ನು 1ಇ-8ಕ್ಕೂ ಅದರ ಜತೆಗಾರ 'ಎಟಾಲ್' ಅನ್ನು 1ಇ-10ಕ್ಕೂ ಇಳಿಸಿ ಮತ್ತೆ ಓಡಿಸಿದರೆ 20 ಎಂಬುದು 20 ಆಗಿಯೇ ನಿಲ್ಲುತ್ತದೆ.

ಮಾಯವಾದ ಉಬ್ಬು

ಈಗ ಪೂರ್ತಿ ಕಾಲು ಕಾರು. ದೇಹ ಮತ್ತು ಚಕ್ರ, ಎರಡಕ್ಕೂ ಒಂದೊಂದು ಸ್ಥಾನ, ಒಂದೊಂದು ವೇಗ. ಸ್ಥಿತಿಯಲ್ಲಿ ನಾಲ್ಕು ಸಂಖ್ಯೆ. ಎಲ್ಲವನ್ನೂ ಕಾರು ಸುಮ್ಮನೆ ನಿಂತಾಗಿನ ಮಟ್ಟದಿಂದ ಅಳೆದರೆ ಗುರುತ್ವವನ್ನು ಬರೆಯಬೇಕಾಗಿಲ್ಲ. ಉಬ್ಬಿನ ಆಕಾರಕ್ಕೆ ಪರವಲಯ ಸಾಕು: ಉಬ್ಬಿನ ತುದಿಯಿಂದ ಎಷ್ಟು ಮೀಟರ್ ಬಂದಿದ್ದೇವೆ ಎಂಬುದನ್ನು ಇನ್ನೆಷ್ಟು ಉಳಿದಿದೆ ಎಂಬುದರಿಂದ ಗುಣಿಸಿ, ಮತ್ತೆ 0.4ರಿಂದ ಗುಣಿಸಿ, 3.7ರ ವರ್ಗದಿಂದ ಭಾಗಿಸಿ. ನಟ್ಟನಡುವೆ ಅದು ಸರಿಯಾಗಿ 0.1 ಮೀಟರ್ ಆಗುತ್ತದೆ. ವೇಗವನ್ನು ಗಂಟೆಗೆ 25 ಎಂದೇ ಹಾಕಿ ಕಾರನ್ನು ರಾಕೆಟ್ ಮಾಡಿದವರಿದ್ದಾರೆ, 3.6ರಿಂದ ಭಾಗಿಸಿ, ಸೆಕೆಂಡಿಗೆ 6.94 ಮೀಟರ್. ಆ ವೇಗದಲ್ಲಿ ಉಬ್ಬು ದಾಟಲು ಬೇಕಾದದ್ದು 0.53 ಸೆಕೆಂಡ್.

ಒಬ್ಬ ವಿದ್ಯಾರ್ಥಿನಿ ಇದನ್ನೆಲ್ಲ ಸರಿಯಾಗಿಯೇ ಮಾಡಿದ್ದಳು. ಒಟ್ಟು 10 ಸೆಕೆಂಡ್, ಕಾರು ಎರಡನೆಯ ಸೆಕೆಂಡಿನಲ್ಲಿ ಉಬ್ಬಿಗೆ ಏರುತ್ತದೆ. ಓಡಿಸಿದರೆ ಗ್ರಾಫಿನಲ್ಲಿ ಒಂದು ನೇರ ಗೆರೆ. ಸೊನ್ನೆಯಿಂದ ಸೊನ್ನೆಗೆ. ತಪ್ಪಿನ ಸಂದೇಶ ಇಲ್ಲ, ಎಚ್ಚರಿಕೆ ಇಲ್ಲ. 'ಯಶಸ್ವಿ' ಎಂದೇ ಸೈಪೈ ಹೇಳಿತ್ತು. ವರದಿಯಲ್ಲಿ ಅವಳು 'ಈ ಸಸ್ಪೆನ್ಷನ್ ಉಬ್ಬಿನ ಪರಿಣಾಮವನ್ನು ಸಂಪೂರ್ಣವಾಗಿ ಹೀರಿಕೊಳ್ಳುತ್ತದೆ' ಎಂದು ಬರೆದುಬಿಟ್ಟಿದ್ದಳು. ಅಂಥ ಕಾರು ಸಿಕ್ಕರೆ ನಾನೂ ಕೊಳ್ಳುತ್ತೇನೆ.

ಸೈಪೈ ಹೆಜ್ಜೆಯಿಟ್ಟ ಕಾಲದ ಬಿಂದುಗಳನ್ನು ಮುದ್ರಿಸಿ ನೋಡಿದೆವು. ಒಂಬತ್ತೇ ಬಿಂದು, ಎಂಟೇ ಹೆಜ್ಜೆ. ಸಾಲ್ವ್_ಐವಿಪಿ ಹೆಜ್ಜೆಯ ಉದ್ದವನ್ನು ತಾನೇ ತೀರ್ಮಾನಿಸುತ್ತದೆ. ತಪ್ಪು ಕಾಣದಿದ್ದರೆ ಮುಂದಿನ ಹೆಜ್ಜೆಯನ್ನು ಹೆಚ್ಚೆಂದರೆ ಹತ್ತು ಪಟ್ಟು ಹಿಗ್ಗಿಸುತ್ತದೆ. ಕಾರು ಸಮತಟ್ಟು ರಸ್ತೆಯಲ್ಲಿ ಅಲುಗಾಡದೆ ಇರುವಾಗ ತಪ್ಪು ಎಲ್ಲಿಂದ ಬರಬೇಕು? ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲಿನಿಂದ ಹೊರಟು, ಹತ್ತು ಹತ್ತು ಪಟ್ಟು ಬೆಳೆದು, ಏಳನೆಯ ಹೆಜ್ಜೆಗೇ ಒಂದು ಸೆಕೆಂಡಿನ ಉದ್ದ ಆಗಿತ್ತು. ಎಂಟನೆಯದು 1.11ನೇ ಸೆಕೆಂಡಿನಿಂದ ನೇರ 10ಕ್ಕೆ. ಆ ಜಿಗಿತದ ನಡುವೆ ಅದು ರಸ್ತೆಯನ್ನು ಇಣುಕಿ ನೋಡಿದ್ದು 2.89, 3.78, 8.22, 9.01ನೇ ಸೆಕೆಂಡುಗಳಲ್ಲಿ. ಉಬ್ಬು ಇದ್ದದ್ದು 2ರಿಂದ 2.53ರವರೆಗೆ. ನೋಡಿದ ಕಡೆಯಲ್ಲೆಲ್ಲ ರಸ್ತೆ ಸಪಾಟಾಗಿತ್ತು, ಪಾಪ, ಅದಕ್ಕೇನು ಗೊತ್ತು.

ಸಹಿಷ್ಣುತೆ ಬಿಗಿ ಮಾಡಿದರೂ ಇದು ಸರಿಹೋಗುವುದಿಲ್ಲ, ಏಕೆಂದರೆ ತಪ್ಪು ಅದಕ್ಕೆ ಕಾಣುತ್ತಲೇ ಇಲ್ಲ. ಮಾಡಬೇಕಾದದ್ದು 'ಮ್ಯಾಕ್ಸ್_ಸ್ಟೆಪ್' ಎಂಬುದಕ್ಕೆ 0.01 ಕೊಡುವುದು. ಯಾವ ಹೆಜ್ಜೆಯೂ ಸೆಕೆಂಡಿನ ನೂರನೆಯ ಒಂದು ಪಾಲನ್ನು ಮೀರದಿದ್ದರೆ ಉಬ್ಬಿನ ಮೇಲೆ ಐವತ್ತಕ್ಕೂ ಹೆಚ್ಚು ಹೆಜ್ಜೆ ಬೀಳುತ್ತವೆ. ಚಕ್ರದ ಸಹಜ ಆವರ್ತನ 10.6 ಹರ್ಟ್ಸ್, ಅದರ ಒಂದೊಂದು ಅದುರಿಗೂ ಒಂಬತ್ತು ಹೆಜ್ಜೆ ಸಿಗುತ್ತದೆ. ಹಾಗೆ ಓಡಿಸಿದಾಗ ಅವಳ ಗ್ರಾಫಿನಲ್ಲಿ ಕಾರು ಏರಿ, ಇಳಿದು, ಎರಡು ಸಲ ತಲೆದೂಗಿ ಶಾಂತವಾಯಿತು.

ಗ್ರಾಫ್ ಬಂದ ಮೇಲೂ ಒಂದು ಪರೀಕ್ಷೆ ಬಾಕಿ ಇದೆ. ನಮ್ಮ ಸಮೀಕರಣದಲ್ಲಿ ಟೈರು ರಸ್ತೆಗೆ ಅಂಟಿಸಿದ ಸ್ಪ್ರಿಂಗ್. ಅದು ರಸ್ತೆಯನ್ನು ಒತ್ತುವುದಷ್ಟೇ ಅಲ್ಲ, ಎಳೆಯಲೂಬಲ್ಲದು. ನಿಜವಾದ ಟೈರು ಎಳೆಯುವುದಿಲ್ಲ, ಮೇಲೆದ್ದುಬಿಡುತ್ತದೆ. ಕಾರು ನಿಂತಾಗ ಒಟ್ಟು 290 ಕಿಲೋಗ್ರಾಂ ಭಾರಕ್ಕೆ ಟೈರು 1.8 ಸೆಂಟಿಮೀಟರ್ ಕುಗ್ಗಿರುತ್ತದೆ. ಚಕ್ರದ ಸ್ಥಾನದಿಂದ ರಸ್ತೆಯ ಎತ್ತರವನ್ನು ಕಳೆದಾಗ ಎಲ್ಲಾದರೂ 1.8 ಸೆಂಟಿಮೀಟರಿಗಿಂತ ಹೆಚ್ಚು ಬಂದರೆ ಆ ಕ್ಷಣದಿಂದ ಮುಂದಿನ ಗ್ರಾಫ್ ಕಟ್ಟುಕತೆ. ವರದಿಯಲ್ಲಿ ಈ ಒಂದು ಸಾಲು ಬರೆದರೆ, ಲೆಕ್ಕ ನಿಮಗೆ ಅರ್ಥವಾಗಿದೆ ಎಂದು ಬೇರೆ ಹೇಳಬೇಕಾಗಿಲ್ಲ.

ಗ್ರಾಫಿನ ಅಕ್ಷಗಳಿಗೆ ಕನ್ನಡದಲ್ಲಿ ಹೆಸರು ಕೊಡುವ ಆಸೆಯಿದ್ದರೆ ಸದ್ಯಕ್ಕೆ ತಡೆದುಕೊಳ್ಳಿ. ಮ್ಯಾಟ್‌ಪ್ಲಾಟ್‌ಲಿಬ್ ಜತೆಗೆ ಬರುವ ಅಕ್ಷರಶೈಲಿಯಲ್ಲಿ ಕನ್ನಡ ಇಲ್ಲ, ಖಾಲಿ ಚೌಕಗಳ ಸಾಲು ಬರುತ್ತದೆ.

ಕಟ್ಟಿ ಕಳುಹಿಸುವುದು

ಪರಿಸರದ ಒಳಗಿದ್ದುಕೊಂಡೇ ಇದನ್ನು ಓಡಿಸಿ:

ಪೈಥಾನ್ -ಎಂ ಪಿಪ್ ಫ್ರೀಜ್ > ರಿಕ್ವೈರ್‌ಮೆಂಟ್ಸ್.ಟಿಎಕ್ಸ್‌ಟಿ

ಯಾವ ಪ್ಯಾಕೇಜಿನ ಯಾವ ಆವೃತ್ತಿ ಬಳಸಿದಿರಿ ಎಂಬ ಪಟ್ಟಿ ಆ ಕಡತದಲ್ಲಿ ದಾಖಲಾಗುತ್ತದೆ. ಜಿಪ್ ಮಾಡುವಾಗ ಪ್ರೋಗ್ರಾಂ, ಈ ಪಟ್ಟಿ, ಗ್ರಾಫ್, ವರದಿ ಇಷ್ಟೇ ಇರಲಿ. ವೆನ್ವ್ ಫೋಲ್ಡರ್ ಬೇಡ; ಅದು ನೂರಾರು ಎಂಬಿ ತೂಗುತ್ತದೆ, ಮೇಲಾಗಿ ಇನ್ನೊಬ್ಬರ ಕಂಪ್ಯೂಟರಿನಲ್ಲಿ ಕೆಲಸಕ್ಕೂ ಬಾರದು. ಒಂದು ವರ್ಷ ನನಗೆ ಬಂದ ಜಿಪ್‌ಗಳಲ್ಲಿ ಒಂದು ಎಷ್ಟು ದೊಡ್ಡದಿತ್ತೆಂದರೆ ಅದನ್ನು ಬಿಚ್ಚುವಷ್ಟರಲ್ಲಿ ಉಳಿದ ಆರು ಮಂದಿಯ ಉತ್ತರ ನೋಡಿ ಮುಗಿಸಿದ್ದೆ.

ಕಳುಹಿಸುವ ಹಿಂದಿನ ಸಂಜೆ ಆ ಜಿಪ್ಪನ್ನು ಗೆಳೆಯರೊಬ್ಬರ ಲ್ಯಾಪ್‌ಟಾಪಿಗೆ ಹಾಕಿ ಬಿಚ್ಚಿ. ಅಲ್ಲಿ ಹೊಸ ಪರಿಸರ ಮಾಡಿ, ಒಳಗೆ ಹೋಗಿ, 'ಪೈಥಾನ್ -ಎಂ ಪಿಪ್ ಇನ್‌ಸ್ಟಾಲ್ -ಆರ್' ಎಂದು ಒತ್ತಿ ಮುಂದೆ ಆ ಪಟ್ಟಿಯ ಹೆಸರು ಕೊಡಿ. ಪ್ರೋಗ್ರಾಂ ಓಡಿಸಿ. 'ಕಡತ ಸಿಗಲಿಲ್ಲ' ಎಂದು ಬಂದರೆ ಪ್ರೋಗ್ರಾಮಿನಲ್ಲಿ ಎಲ್ಲೋ ನಿಮ್ಮ ಡಿ ಡ್ರೈವ್‌ನ ಪೂರ್ತಿ ವಿಳಾಸ ಉಳಿದುಕೊಂಡಿದೆ. ಅದನ್ನು ತೆಗೆದು ಬರೀ ಕಡತದ ಹೆಸರು ಬರೆಯಿರಿ. ಉಬ್ಬು ಹತ್ತಿ ಇಳಿಯುವ ಅದೇ ಗ್ರಾಫ್ ಅಲ್ಲೂ ಬಂದರೆ ಕಳುಹಿಸಬಹುದು.